ಎರಡು ಸಾಂಬಾ ಸರ್ವರ್, ಒಂದೇ ಸ್ಟಾಕ್ ಫೈಲು: ನಮೂದು ಅಳಿಸಿಹೋಗುವುದೇಕೆ
ಚಿಕ್ಕಮಗಳೂರಿನ ನಿಮ್ಮ ಕಾಫಿ ಗೋದಾಮಿನ ಎಕ್ಸೆಲ್ ಫೈಲನ್ನು ಇಬ್ಬರು ಎರಡು ಸಾಂಬಾ (ಲಿನಕ್ಸ್ ಸರ್ವರಿನ ಫೈಲನ್ನು ವಿಂಡೋಸ್ ಕಂಪ್ಯೂಟರಿಗೆ ಹಂಚುವ ತಂತ್ರಾಂಶ) ಸರ್ವರಿನಿಂದ ತೆರೆದಾಗ ಎಚ್ಚರಿಕೆಯೇ ಬರಲಿಲ್ಲ, ಒಬ್ಬರ ನಮೂದು ಹೋಯಿತು ಅಂದಿದ್ದೀರಿ. ಜಿಎಫ್‌ಎಸ್2 ಮೇಲೆ ತಪ್ಪು ಹೊರಿಸಬೇಡಿ, ಎರಡೂ ಸರ್ವರು ಒಂದೇ ಡಿಸ್ಕನ್ನು ಬಳಸಲು ಬಿಡುವ ಆ ಫೈಲ್ ಸಿಸ್ಟಮ್ ಡಿಸ್ಕನ್ನು ಸರಿಯಾಗಿಯೇ ಕಾಯುತ್ತಿದೆ. "ಈ ಫೈಲು ಇವರ ಕೈಲಿದೆ, ಬೇರೆಯವರು ಬರೆಯುವಂತಿಲ್ಲ" ಎಂಬ ವಿಂಡೋಸ್ ಲಾಕನ್ನು ಸಾಂಬಾ ತನ್ನದೇ ಸರ್ವರಿನ ಟಿಡಿಬಿ ಫೈಲಿನಲ್ಲಿ (ಸಾಂಬಾದ ಪುಟ್ಟ ಡೇಟಾಬೇಸ್) ಬರೆದಿಟ್ಟುಕೊಳ್ಳುತ್ತದೆ. ಪಕ್ಕದ ಸರ್ವರಿಗೆ ಅದರ ಸುಳಿವೇ ಇಲ್ಲ. ಆಪ್‌ಲಾಕ್ (ಫೈಲನ್ನು ತನ್ನಲ್ಲೇ ಇಟ್ಟುಕೊಂಡು ಬರೆಯಲು ಕಂಪ್ಯೂಟರಿಗೆ ಸಿಗುವ ಅನುಮತಿ) ಇದ್ದರಂತೂ ಒಬ್ಬರು ಬರೆದದ್ದು ಅವರ ಕಂಪ್ಯೂಟರಿನ ಮೆಮೊರಿಯಲ್ಲೇ ಕೂತಿರುತ್ತದೆ, ಇನ್ನೊಬ್ಬರಿಗೆ ಹಳೆಯದು ಕಾಣುತ್ತದೆ.

ಇವತ್ತೇ ಎಲ್ಲರನ್ನೂ ಒಂದೇ ಸರ್ವರಿಗೆ ತಿರುಗಿಸಿ. ಬರೀ ಆಪ್‌ಲಾಕ್ ಆಫ್ ಮಾಡಿದರೆ ಸಾಲದು.

ಆಮೇಲೆ ಸಿಟಿಡಿಬಿ ಹಾಕಿ, ಅದು ಟಿಡಿಬಿಯ ಲಾಕ್ ಮಾಹಿತಿಯನ್ನು ಎರಡೂ ಸರ್ವರಿಗೆ ಹಂಚುತ್ತದೆ. ಎರಡೂ ಕಡೆ ಸಾಂಬಾ ಸೆಟ್ಟಿಂಗಿನಲ್ಲಿ 'ಕ್ಲಸ್ಟರಿಂಗ್ = ಯೆಸ್', ನೋಡ್ಸ್ (ನೋಡ್ ಅಂದರೆ ಒಂದೊಂದು ಸರ್ವರ್) ಫೈಲಿನಲ್ಲಿ ಐಪಿಗಳು ಒಂದೇ ಕ್ರಮದಲ್ಲಿ, ರಿಕವರಿ ಲಾಕ್ (ಯಜಮಾನ ಸರ್ವರ್ ಒಂದೇ ಇರುವಂತೆ ನೋಡಿಕೊಳ್ಳುವ ಫೈಲು) ಜಿಎಫ್‌ಎಸ್2 ಮೇಲೆ. ಈ ರಿಕವರಿ ಲಾಕ್ ಬಿಟ್ಟರೆ ನಡುವಿನ ಕೇಬಲ್ ಕಳಚಿದ ದಿನ ಎರಡೂ ತಾವೇ ಯಜಮಾನರು ಅಂದುಕೊಳ್ಳುತ್ತವೆ. ಸಿಟಿಡಿಬಿ ಹಾಕುವ ಮೊದಲು, ಫೈಲ್ ಲಾಕ್ ಎರಡೂ ಸರ್ವರಿನ ನಡುವೆ ಕೆಲಸ ಮಾಡುತ್ತದೆಯೇ ಎಂದು ನೋಡುವ ಪಿಂಗ್‌ಪಾಂಗ್ ಪರೀಕ್ಷೆ ದಯವಿಟ್ಟು ಬಿಡಬೇಡಿ: ಹಂಚಿಕೊಂಡ ಒಂದೇ ಫೈಲಿನ ಮೇಲೆ ಎರಡೂ ಕಡೆ ಓಡಿಸಿ, ಸಂಖ್ಯೆ 3 ಕೊಡಿ (ನೋಡ್ ಎರಡು, ಜೊತೆಗೆ ಒಂದು). ಎರಡನೆಯದು ಶುರುವಾದ ಕೂಡಲೇ ಲಾಕಿನ ವೇಗ ಥಟ್ಟನೆ ಕುಸಿಯಬೇಕು. ಕುಸಿಯದಿದ್ದರೆ ಡಿಸ್ಕನ್ನು ಜೋಡಿಸುವ ಮೌಂಟ್ ಸಾಲಿನಲ್ಲಿ 'ಲೋಕಲ್‌ಫ್ಲಾಕ್ಸ್' (ಲಾಕನ್ನು ಆ ಸರ್ವರಿಗಷ್ಟೇ ಸೀಮಿತ ಮಾಡುವ ಆಯ್ಕೆ) ಇದೆಯಾ ನೋಡಿ, ಇದ್ದರೆ ತೆಗೆಯಿರಿ.