15ನೇ ನ್ಯಾಷನಲ್ಸ್ ನಿಜಕ್ಕೂ 15ನೆಯದಲ್ಲ: ಹೆಣ್ಣುಮಕ್ಕಳ ಹಾಕಿ, ಓದುಗರ ಪ್ರಶ್ನೆಗಳು

ಹೆಣ್ಣುಮಕ್ಕಳ ರಾಷ್ಟ್ರೀಯ ಹಾಕಿ ಬಗ್ಗೆ ಕೇಳಿ ಎಂದಿದ್ದಕ್ಕೆ ಬಂದ ಕಾಗದಗಳಲ್ಲಿ ಹಾಸನ, ಚಿಕ್ಕಮಗಳೂರು ಜಿಲ್ಲೆಗಳದ್ದೇ ಮೇಲುಗೈ. ಒಂದೇ ವಿಷಯ ಕೇಳಿದವನ್ನು ಒಟ್ಟು ಮಾಡಿ ಐದಕ್ಕೆ ಇಳಿಸಿದ್ದೇವೆ.

ಪ್ರಶ್ನೆ: 2025ರಲ್ಲಿ ಪಂಚಕುಲದಲ್ಲಿ ನಡೆದದ್ದು 15ನೇ ಸೀನಿಯರ್ ಮಹಿಳಾ ನ್ಯಾಷನಲ್ಸ್ ಎಂದು ಪೇಪರಿನಲ್ಲಿತ್ತು. ನಮ್ಮಜ್ಜಿ ನೋಡಿದರೆ, ಅರವತ್ತರ ದಶಕದಲ್ಲೇ ಮೈಸೂರಿನ ಹುಡುಗಿಯರು ಕಪ್ ಹೊತ್ತು ತರುತ್ತಿದ್ದರು ಅನ್ನುತ್ತಾರೆ. ಯಾರ ಮಾತು ಸರಿ? (ಸಕಲೇಶಪುರ)

ಉತ್ತರ: ಅಜ್ಜಿಯ ಮಾತು ಸರಿ. ಪೇಪರಿನದೂ ತಪ್ಪಲ್ಲ, ಲೆಕ್ಕದ ಪುಸ್ತಕ ಬದಲಾಗಿದೆ ಅಷ್ಟೆ. ಮೊದಲು ಮಹಿಳಾ ಹಾಕಿಗೆ ಇಂಡಿಯನ್ ವಿಮೆನ್ಸ್ ಹಾಕಿ ಫೆಡರೇಷನ್ ಎಂಬ ಬೇರೆಯೇ ಸಂಸ್ಥೆ ಇತ್ತು. ಆಗ ರಾಷ್ಟ್ರೀಯ ಚಾಂಪಿಯನ್ನರಿಗೆ ಸಿಗುತ್ತಿದ್ದದ್ದು ಲೇಡಿ ರತನ್ ಟಾಟಾ ಟ್ರೋಫಿ. 2009ರಲ್ಲಿ ಹಾಕಿ ಇಂಡಿಯಾ ಹುಟ್ಟಿ ಗಂಡಸರ, ಹೆಂಗಸರ ಆಟ ಎರಡೂ ಒಂದೇ ಸೂರಿನಡಿ ಬಂದವು. ಹೊಸ ಸಂಸ್ಥೆ 2011ರಿಂದ ಒಂದು, ಎರಡು ಎಂದು ಎಣಿಸಲು ಶುರುಮಾಡಿತು. 15 ಅನ್ನುವುದು ಆ ಎಣಿಕೆ.

ಅಜ್ಜಿ ಹೇಳಿದ ಕಾಲ 1960ರಿಂದ 1967ರದ್ದು. ಬೆಂಗಳೂರಿನ ಬ್ರಿಟ್ಟೊ ಅಕ್ಕತಂಗಿಯರು, ಎಲ್ವೆರಾ, ರೀಟಾ ಮತ್ತು ಮೇ, ಮೈಸೂರು ತಂಡಕ್ಕೆ ಆಡಿ ನ್ಯಾಷನಲ್ಸನ್ನು ಮನೆಯ ಹಬ್ಬ ಮಾಡಿಕೊಂಡಿದ್ದರು. ನಾಯಕಿ ಎಲ್ವೆರಾ ಬ್ರಿಟ್ಟೊ ಅವರಿಗೆ 1965ರ ಅರ್ಜುನ ಪ್ರಶಸ್ತಿ ಬಂತು. ಮಹಿಳಾ ಹಾಕಿಯಲ್ಲಿ ಅವರಿಗಿಂತ ಮೊದಲು ಅದನ್ನು ಪಡೆದವರು ಆ್ಯನ್ ಲಮ್ಸ್‌ಡೆನ್ ಒಬ್ಬರೇ, 1961ರಲ್ಲಿ. ಹಳೆಯ ದಾಖಲೆ ಹುಡುಕುವವರು ಒಂದು ನೆನಪಿಡಿ: ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಅದಕ್ಕೂ ಹಿಂದಿನ ಪಟ್ಟಿಗಳಲ್ಲಿ 'ಮೈಸೂರು' ಎಂದೇ ನೋಡಬೇಕು. ಕರ್ನಾಟಕ ಎಂದು ಹುಡುಕಿ, ಏನೂ ಗೆದ್ದಿಲ್ಲ ಎಂದುಕೊಂಡವರು ಬಹಳ.

ಇತ್ತೀಚಿನದು ಹೇಳುವುದಾದರೆ, 2022ರಲ್ಲಿ ಭೋಪಾಲ್‌ನಲ್ಲಿ ಕರ್ನಾಟಕ ಫೈನಲ್ ತನಕ ಹೋಗಿ ಒಡಿಶಾ ಎದುರು 0-2ರಲ್ಲಿ ಸೋತಿತು. ಆಮೇಲಿನ ಚಾಂಪಿಯನ್ನರು 2023ರಲ್ಲಿ ಮಧ್ಯಪ್ರದೇಶ, 2024ರಲ್ಲಿ ಹರಿಯಾಣ, 2025ರಲ್ಲಿ ಜಾರ್ಖಂಡ್. ರೈಲ್ವೆ ಹೆಸರೇ ಕಾಣುತ್ತಿಲ್ಲವಲ್ಲ ಎನ್ನಬೇಡಿ. ಈಗ ರಾಜ್ಯಗಳಿಗೆ ಒಂದು ಕೂಟ, ಇಲಾಖೆಗಳಿಗೆ ಇನ್ನೊಂದು ಕೂಟ. ಇದು ಒಳ್ಳೆಯದೇ ಆಯಿತು. ಒಳ್ಳೊಳ್ಳೆ ಆಟಗಾರ್ತಿಯರೆಲ್ಲ ರೈಲ್ವೆ ನೌಕರಿಯಲ್ಲಿದ್ದಾಗ ರಾಜ್ಯ ತಂಡಗಳಿಗೆ ಉಳಿಯುತ್ತಿದ್ದದ್ದು ಎರಡನೇ ಸ್ಥಾನದ ಆಸೆ.

ಪ್ರಶ್ನೆ: ಆ ಪಂಚಕುಲದ ಫೈನಲ್ 1-1 ಆಗಿತ್ತು. ಮತ್ತೆ ಜಾರ್ಖಂಡ್ ಗೆದ್ದದ್ದು ಹೇಗೆ? ಎ, ಬಿ, ಸಿ ಡಿವಿಷನ್ ಅಂದರೇನು? (ಬೇಲೂರು)

ಉತ್ತರ: ಶೂಟೌಟ್‌ನಲ್ಲಿ, ಹರಿಯಾಣವನ್ನು ಸೋಲಿಸಿ. ಇದು ಫುಟ್‌ಬಾಲ್ ಪೆನಾಲ್ಟಿಯಂತೆ ನಿಂತ ಚೆಂಡಿಗೆ ಹೊಡೆಯುವುದಲ್ಲ. ಆಟಗಾರ್ತಿ 23 ಮೀಟರ್ ಗೆರೆಯಿಂದ ಚೆಂಡು ಓಡಿಸಿಕೊಂಡು ಬರಬೇಕು, ಗೋಲ್‌ಕೀಪರ್ ಗೋಲ್ ಗೆರೆ ಬಿಟ್ಟು ಎದುರು ನುಗ್ಗಬಹುದು, 8 ಸೆಕೆಂಡಿನೊಳಗೆ ಚೆಂಡು ಗೋಲ್ ದಾಟಬೇಕು. ಒಂದೊಂದು ತಂಡಕ್ಕೆ ಐದೈದು ಸರದಿ. ಹೊಸಬರು ಸೋಲುವುದು ಅವಸರದಿಂದ. 8 ಸೆಕೆಂಡು ಅಂದುಕೊಂಡದ್ದಕ್ಕಿಂತ ಉದ್ದ.

ಡಿವಿಷನ್ ಪದ್ಧತಿ ಬಂದದ್ದು 2025ರಲ್ಲಿ. ಬಲಿಷ್ಠ ರಾಜ್ಯಗಳು ಎ ಗುಂಪಿನಲ್ಲಿ, ಉಳಿದವು ಬಿ ಮತ್ತು ಸಿಯಲ್ಲಿ. ಕೆಳಗೆ ಗೆದ್ದವರಿಗೆ ಬಡ್ತಿ, ಮೇಲೆ ಕೊನೆಗೆ ಬಿದ್ದವರಿಗೆ ಹಿಂಬಡ್ತಿ. ಹಳೆಯ ಪದ್ಧತಿಯಲ್ಲಿ ಈಗಷ್ಟೇ ತಂಡ ಕಟ್ಟಿದ ರಾಜ್ಯ ಹರಿಯಾಣದ ಎದುರು ನಿಂತು ಡಜನ್‌ಗಟ್ಟಲೆ ಗೋಲ್ ತಿನ್ನುತ್ತಿತ್ತು. ಅದರಿಂದ ಇಬ್ಬರಿಗೂ ಲಾಭವಿರಲಿಲ್ಲ.

ಪ್ರಶ್ನೆ: ಮಹಿಳಾ ಹಾಕಿ ಇಂಡಿಯಾ ಲೀಗ್ ಮತ್ತು ನ್ಯಾಷನಲ್ಸ್ ಒಂದೇನಾ? (ಕಡೂರು)

ಉತ್ತರ: ಅಲ್ಲ. ಲೀಗ್‌ನಲ್ಲಿ ಹರಾಜು, ವಿದೇಶಿ ಆಟಗಾರ್ತಿಯರು, ಫ್ರಾಂಚೈಸಿ ತಂಡಗಳು. ಮೊದಲ ಸಲ ನಡೆದದ್ದು ರಾಂಚಿಯಲ್ಲಿ, ನಾಲ್ಕು ತಂಡ. 2025ರ ಜನವರಿ 26ರ ಫೈನಲ್‌ನಲ್ಲಿ ಒಡಿಶಾ ವಾರಿಯರ್ಸ್ 2-1ರಿಂದ ಸೂರ್ಮಾ ಕ್ಲಬ್ಬನ್ನು ಸೋಲಿಸಿತು. ನ್ಯಾಷನಲ್ಸ್‌ನಲ್ಲಿ ಹುಡುಗಿ ಆಡುವುದು ತನ್ನ ರಾಜ್ಯಕ್ಕೆ.

ಪ್ರಶ್ನೆ: ನಮ್ಮ ಹೈಸ್ಕೂಲ್ ಹುಡುಗಿಯರ ತಂಡಕ್ಕೆ ಪ್ರತಿ ಪಂದ್ಯದಲ್ಲೂ ನಾಲ್ಕೈದು ಪೆನಾಲ್ಟಿ ಕಾರ್ನರ್ ಸಿಗುತ್ತವೆ, ಒಂದೂ ಗೋಲ್ ಆಗುವುದಿಲ್ಲ. ಮಣ್ಣಿನ ಮೈದಾನ. ಏನು ಮಾಡಲಿ? (ಅರಸೀಕೆರೆ, ದೈಹಿಕ ಶಿಕ್ಷಣ ಶಿಕ್ಷಕರು)

ಉತ್ತರ: ಮೇಷ್ಟ್ರೇ, ಮೊದಲು ದೂರ ಲೆಕ್ಕ ಹಾಕಿ. ಹೊಸ ಓದುಗರಿಗೆ: ಗೋಲ್ ಪಕ್ಕದ ಗೆರೆಯಿಂದ ಒಬ್ಬಳು ತಳ್ಳಿದ ಚೆಂಡನ್ನು ದೂರದಲ್ಲಿ ನಿಲ್ಲಿಸಿ ಗೋಲಿಗೆ ಹೊಡೆಯುವುದೇ ಪೆನಾಲ್ಟಿ ಕಾರ್ನರ್. ಚೆಂಡು ತಳ್ಳುವ ಜಾಗ ಗೋಲ್ ಕಂಬದಿಂದ 10 ಮೀಟರ್ ಆಚೆ. ಗೋಲ್ ಮುಂದಿನ ಅರೆವೃತ್ತ, ಅಂದರೆ 'ಡಿ'ಯ ನೆತ್ತಿ ಗೋಲ್ ಗೆರೆಯಿಂದ 14.63 ಮೀಟರ್. ಓರೆಯಾಗಿ ಅಳೆದರೆ ಚೆಂಡು ಹತ್ತಿರ ಹತ್ತಿರ 19 ಮೀಟರ್ ಉರುಳಬೇಕು. ಟರ್ಫ್ (ಕೃತಕ ಹುಲ್ಲುಹಾಸು) ಮೇಲೆ ಅದು ಜಾರಿಕೊಂಡು ಬರುತ್ತದೆ, ಮಣ್ಣಿನಲ್ಲಿ ನಾಲ್ಕು ಸಲ ಪುಟಿಯುತ್ತದೆ. ನಿಮ್ಮ ಗೋಲ್ ತಪ್ಪುತ್ತಿರುವುದು ಹೊಡೆತದಲ್ಲಲ್ಲ, ಚೆಂಡು ನಿಲ್ಲಿಸುವಲ್ಲಿ ಎಂದು ನಮ್ಮ ಅಂದಾಜು.

ಆ 19 ಮೀಟರ್ ದಾರಿಯನ್ನಷ್ಟೇ ಸರಿಮಾಡಿ. ಒಂದು ಮೀಟರ್ ಅಗಲಕ್ಕೆ ಕಲ್ಲು ಆರಿಸಿ, ಸಂಜೆ ನೀರು ಚಿಮುಕಿಸಿ, ಬೆಳಿಗ್ಗೆ ಕ್ರಿಕೆಟ್ ರೋಲರ್ ಎಳೆಸಿ. ಅಭ್ಯಾಸಕ್ಕೆ ಎರಡೂ ಕಡೆ ಬೇಡ, ಗೋಲಿಗೆ ಮುಖ ಮಾಡಿದವರ ಎಡಗಡೆಯದು ಸಾಕು.

ತಳ್ಳುವವಳ ಒಂದು ಪಾದವಾದರೂ ಗೆರೆಯ ಹೊರಗಿರಬೇಕು. ಹೊಡೆಯಬಾರದು, ಪುಶ್ ಮಾಡಬೇಕು. ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿಕೊಂಡೇ ಎಳೆದು ಬಿಟ್ಟರೆ ಪುಟಿತ ಕಡಿಮೆಯಾಗುತ್ತದೆ. ನಿಲ್ಲಿಸುವವಳು ಸ್ಟಿಕ್ಕನ್ನು ನೆಲಕ್ಕೆ ಪೂರ್ತಿ ಮಲಗಿಸಿ, ಹಿಡಿಕೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಬೇಕು. ಹಿಂದಕ್ಕೆ ವಾಲಿದ್ದರೆ ಚೆಂಡು ಹತ್ತಿ ಹಾರುತ್ತದೆ. ಒಂದು ಕಾಲಕ್ಕೆ ಕೈಯಲ್ಲೇ ತಡೆಯಲು ಬಿಡುತ್ತಿದ್ದರು, ಈಗ ಅದು ಫೌಲ್.

ಚೆಂಡು ಪೂರ್ತಿ ನಿಂತ ಮೇಲೇ ಹೊಡೆಯಬೇಕು ಎಂದು ಎಷ್ಟೋ ಶಾಲೆಗಳಲ್ಲಿ ಇನ್ನೂ ಕಲಿಸುತ್ತಾರೆ. ಈಗಿನ ನಿಯಮ ಅದನ್ನು ಕೇಳುವುದಿಲ್ಲ. ಚೆಂಡು 'ಡಿ'ಯಿಂದ ಹೊರಗೆ ಹೋಗಿ ಬಂದಿದ್ದರೆ ಸಾಕು. ನಿಧಾನವಾಗಿ ಉರುಳುತ್ತಿರುವಾಗಲೇ ಒಳಗೆ ಎಳೆದು ಹೊಡೆದರೆ ಅರ್ಧ ಸೆಕೆಂಡು ಉಳಿಯುತ್ತದೆ. ಓಡಿ ಬರುವ ಮೊದಲ ಡಿಫೆಂಡರ್‌ಗೂ ನಿಮಗೂ ಇರುವ ವ್ಯತ್ಯಾಸವೇ ಅಷ್ಟು.

ಮೊದಲ ಹೊಡೆತ ಹಿಟ್ (ಸ್ಟಿಕ್ ಬೀಸಿ ಹೊಡೆದದ್ದು) ಆದರೆ ಗೋಲ್ ಗೆರೆ ದಾಟುವಾಗ ಚೆಂಡು 46 ಸೆಂಟಿಮೀಟರ್‌ಗಿಂತ ಮೇಲಿರಬಾರದು. ಗೋಲಿನ ಹಿಂಬದಿ ಹಲಗೆಯ ಎತ್ತರ ಅದೇ. ಶಾಲೆಯ ಗೋಲಿಗೆ ಹಲಗೆ ಇಲ್ಲದಿದ್ದರೆ ಎರಡೂ ಕಂಬಕ್ಕೆ 46 ಸೆಂಟಿಮೀಟರ್‌ಗೆ ಬಣ್ಣ ಬಳಿದು, ನಡುವೆ ಗೋಣಿಚೀಲ ಇಳಿಬಿಡಿ. ಚೆಂಡು ಗೋಣಿಗೆ ಬಡಿದ ಸದ್ದು ಬಂದರೆ ಗೋಲ್, ಇಲ್ಲದಿದ್ದರೆ ಇಲ್ಲ. ಚೆಂಡನ್ನು ಸ್ಟಿಕ್ಕಿನಲ್ಲೇ ಎಳೆದು ಎಸೆಯುವ ಡ್ರ್ಯಾಗ್ ಫ್ಲಿಕ್‌ಗೆ ಈ ಎತ್ತರದ ಕಟ್ಟಿಲ್ಲ. ಆದರೂ ಮಣ್ಣಿನಲ್ಲಿ ಅದರ ಆಸೆ ಬಿಡಿ. ಎಳೆಯುವ ಆ ಎರಡು ಮೀಟರಿನಲ್ಲಿ ಒಂದು ಹರಳು ಸಿಕ್ಕರೂ ಚೆಂಡು ಸ್ಟಿಕ್ ಬಿಟ್ಟು ಹೋಗುತ್ತದೆ, ಬೆಳೆಯುವ ಹುಡುಗಿಯ ಸೊಂಟಕ್ಕೂ ಪೆಟ್ಟು.

ಪ್ರಶ್ನೆ: ಮಗಳಿಗೆ 13 ವರ್ಷ. ಹಾಕಿ ಹುಚ್ಚು. ಯಾವ ಸ್ಟಿಕ್ ಕೊಡಿಸಲಿ, ನ್ಯಾಷನಲ್ಸ್ ತನಕ ಹೋಗುವ ದಾರಿ ಯಾವುದು? ನಮ್ಮಲ್ಲಿ ಟರ್ಫ್ ಇಲ್ಲ, ಮೇಲಿಂದ ನಾಲ್ಕು ತಿಂಗಳು ಮಳೆ. (ಮೂಡಿಗೆರೆ)

ಉತ್ತರ: ಸ್ಟಿಕ್ಕನ್ನು ಅವಳ ಪಕ್ಕ ನಿಲ್ಲಿಸಿ. ತುದಿ ಸೊಂಟದ ಮೂಳೆಗೆ ಬಂದರೆ ಸರಿ. ಈ ವಯಸ್ಸಿಗೆ ಸಾಮಾನ್ಯವಾಗಿ 35 ಅಥವಾ 36 ಇಂಚು. ಬೆಳೀತಾಳಲ್ಲ ಎಂದು ದೊಡ್ಡದು ಕೊಡಿಸಬೇಡಿ, ಬೆನ್ನು ಬಗ್ಗಿಸದೆ ಆಡುವ ಚಟ ಅಂಟಿಕೊಳ್ಳುತ್ತದೆ. ಮರದ ಸ್ಟಿಕ್ ಮಳೆಯಲ್ಲಿ ನೀರು ಕುಡಿದು ತಲೆ ಉಬ್ಬಿ ಸೀಳುತ್ತದೆ. ನೆನೆದರೆ ಬಟ್ಟೆಯಲ್ಲಿ ಒರೆಸಿ ನೆರಳಿಗಿಡಿ, ಒಲೆ ಪಕ್ಕ ಮಾತ್ರ ಬೇಡ. ಕಾಂಪೋಸಿಟ್ (ಫೈಬರ್, ಕಾರ್ಬನ್ ಸೇರಿಸಿ ಮಾಡಿದ) ಸ್ಟಿಕ್ ನೀರಿಗೆ ಹೆದರದು, ಕಲ್ಲಿಗೆ ಹೆದರುತ್ತದೆ. ಕಾರ್ಬನ್ ಪ್ರಮಾಣ ಕಡಿಮೆ ಇರುವುದನ್ನೇ ಕೊಳ್ಳಿ. ಹೆಚ್ಚಿದ್ದರೆ ಸ್ಟಿಕ್ ಬಿಗಿಯಾಗಿ, ಬರುವ ಚೆಂಡು ಪುಟಿದು ಓಡುತ್ತದೆ. ಶಿನ್ ಗಾರ್ಡ್, ಹಲ್ಲಿನ ಗಾರ್ಡ್ ಇಲ್ಲದೆ ಮೈದಾನಕ್ಕೆ ಬಿಡಬೇಡಿ.

ಟರ್ಫ್ ಇಲ್ಲದ ಊರಿಗೆ ನಿಮ್ಮಲ್ಲೊಂದು ವರ ಇದೆ: ಕಾಫಿ ಕಣ. ಹಣ್ಣು ಕೊಯ್ಲು ಶುರುವಾಗುವವರೆಗೆ ಆ ಸಿಮೆಂಟ್ ನೆಲ ಖಾಲಿ ಬಿದ್ದಿರುತ್ತದೆ. ಒದ್ದೆ ಸಿಮೆಂಟಿನ ಮೇಲೆ ಚೆಂಡು ಹೆಚ್ಚುಕಡಿಮೆ ಟರ್ಫಿನ ವೇಗದಲ್ಲೇ ಬರುತ್ತದೆ. ಪಾಚಿಯನ್ನು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ತೆಗೆದ ಮೇಲಷ್ಟೇ ಇಳಿಯಲಿ. ಹಳೆಯ ಸ್ಟಿಕ್ ಬಳಸಲಿ, ಸಿಮೆಂಟ್ ತಲೆಯನ್ನು ಸವೆಸುತ್ತದೆ. ದಿನಕ್ಕೆ 20 ನಿಮಿಷ ಪುಶ್ ಮತ್ತು ಟ್ರ್ಯಾಪ್ (ಬರುವ ಚೆಂಡು ತಡೆದು ನಿಲ್ಲಿಸುವುದು) ಸಾಕು. ಮಣ್ಣಿನಲ್ಲಿ ಕಲಿತ ಮಕ್ಕಳು ಟರ್ಫಿಗೆ ಹೋದ ಮೊದಲ ದಿನ ಎಡವುವುದು ಒಂದೇ ಕಾರಣಕ್ಕೆ: ಚೆಂಡು ಪುಟಿಯುತ್ತದೆ ಎಂದು ಸ್ಟಿಕ್ ಎತ್ತಿ ಹಿಡಿದಿರುತ್ತಾರೆ, ಅದು ಅಡಿಯಿಂದ ಜಾರಿ ಹೋಗುತ್ತದೆ.

ದಾರಿ ಎರಡು. ಒಂದು ಶಾಲಾ ಕ್ರೀಡಾಕೂಟ: ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ, ಆಮೇಲೆ ರಾಷ್ಟ್ರಮಟ್ಟ. ಇನ್ನೊಂದು, ಹಾಕಿ ಕರ್ನಾಟಕದ ಆಯ್ಕೆ ಟ್ರಯಲ್ಸ್ ಮೂಲಕ ಸಬ್‌ಜೂನಿಯರ್, ಜೂನಿಯರ್, ಸೀನಿಯರ್ ನ್ಯಾಷನಲ್ಸ್. ಶಾಲಾ ದಾರಿಯಲ್ಲಿ ಒಂದು ಗಟ್ಟಿ ಗೋಡೆ ಇದೆ. ಹಾಸನ, ಚಿಕ್ಕಮಗಳೂರು ಎರಡೂ ಮೈಸೂರು ವಿಭಾಗಕ್ಕೆ ಸೇರಿವೆ, ಅದೇ ವಿಭಾಗದಲ್ಲಿ ಕೊಡಗೂ ಇದೆ. ಮಾತು ಕಲಿಯುವ ಮೊದಲೇ ಸ್ಟಿಕ್ ಹಿಡಿದವರ ನಾಡು ಅದು. ಹಾಗಾಗಿ ತಂಡ ವಿಭಾಗದಲ್ಲೇ ಸೋತರೂ ಹುಡುಗಿ ಸೋತಳೆಂದಲ್ಲ. ಕ್ರೀಡಾ ಇಲಾಖೆಯ ವಸತಿ ನಿಲಯಗಳ ಆಯ್ಕೆಗೆ ಕಳಿಸಿ. ಕೊಡಗಿನ ಕೂಡಿಗೆ, ಪೊನ್ನಂಪೇಟೆಗಳಲ್ಲಿ ಹಾಕಿಗೆ ಸೌಕರ್ಯ ಇದೆ. ಅಲ್ಲಿ ಓಟ, ಜಿಗಿತವನ್ನೂ ಅಳೆಯುತ್ತಾರೆ, ಹಾಕಿ ಒಂದೇ ನೋಡುವುದಿಲ್ಲ.

ಮತ್ತೊಂದು ಕೆಲಸ ಈಗಲೇ ಮುಗಿಸಿ. ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆ ಮೂರರಲ್ಲೂ ಹೆಸರಿನ ಅಕ್ಷರ ಮತ್ತು ಹುಟ್ಟಿದ ತಾರೀಖು ಒಂದೇ ಇದೆಯಾ ನೋಡಿ. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ತಕರಾರು. ತಿದ್ದುಪಡಿಗೆ ವಾರಗಟ್ಟಲೆ ಬೇಕು, ಟ್ರಯಲ್ಸ್ ಪ್ರಕಟಣೆ ಅಷ್ಟು ಮುಂಚೆ ಬರುವುದಿಲ್ಲ.