ಓದುಗರ ಪ್ರಶ್ನೆ: ಅಮೆರಿಕದ ಔಷಧಿ ಡಬ್ಬಿ, ಕನ್ನಡ ಮಾತ್ರ ಓದಬಲ್ಲ ಹಿರಿಯರು

ಮಕ್ಕಳ ಜೊತೆ ಅಮೆರಿಕದಲ್ಲಿ ನೆಲೆಸಿರುವ ಹಿರಿಯರ ಔಷಧಿಗಳ ಬಗ್ಗೆ ಬಂದ ಪತ್ರಗಳಲ್ಲಿ ಐದಕ್ಕೆ ಇಲ್ಲಿ ಉತ್ತರವಿದೆ. ಉತ್ತರಿಸಿದವರು ಅಲ್ಲಿನ ಫಾರ್ಮಸಿ ಕೆಲಸ ಬಲ್ಲ ನಮ್ಮ ಬಳಗದವರು.

ಪ್ರಶ್ನೆ: ಅಮ್ಮನಿಗೆ ಓದಲು ಬರುವುದು ಕನ್ನಡ ಮಾತ್ರ. ಬಿ.ಪಿ., ಶುಗರ್, ಥೈರಾಯ್ಡ್ ಸೇರಿ ಐದು ಡಬ್ಬಿಗಳಿವೆ. ನಾವಿಬ್ಬರೂ ಕೆಲಸಕ್ಕೆ ಹೋದಮೇಲೆ ಯಾವುದನ್ನು ಯಾವಾಗ ನುಂಗಬೇಕೆಂದು ತಿಳಿಯದೆ ಒದ್ದಾಡುತ್ತಾರೆ. ಫಾರ್ಮಸಿಯಲ್ಲಿ ಕನ್ನಡದ ಲೇಬಲ್ ಕೇಳಬಹುದೇ?
(ಓದುಗರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಕೇಳಬಹುದು, ಆದರೆ ಕೊಡಲೇಬೇಕೆಂಬ ಕಾನೂನಿಲ್ಲ. ಕ್ಯಾಲಿಫೋರ್ನಿಯಾದ ಫಾರ್ಮಸಿ ಮಂಡಳಿ ಔಷಧಿ ಸೇವನೆಯ ಸಾಮಾನ್ಯ ಸೂಚನೆಗಳನ್ನು ಚೀನೀ, ಕೊರಿಯನ್, ರಷ್ಯನ್, ಸ್ಪ್ಯಾನಿಷ್, ವಿಯೆಟ್ನಾಮೀಸ್ ಭಾಷೆಗಳಲ್ಲಿ ಸಿದ್ಧ ಮಾಡಿಟ್ಟಿದೆ. ರೋಗಿ ಕೇಳಿದರೆ ಅವನ್ನು ಕೊಡಬೇಕೆಂಬ ನಿಯಮ 2016ರಿಂದ ಇದೆ. ನ್ಯೂಯಾರ್ಕ್‌ನಲ್ಲಿ 2013ರಿಂದ ದೊಡ್ಡ ಸರಪಳಿ ಅಂಗಡಿಗಳಿಗೆ ಇಂಥದೇ ನಿಯಮ. ಆರೆಗಾನ್‌ನಲ್ಲಿ 2021ರಿಂದ ಕನಿಷ್ಠ 14 ಭಾಷೆಗಳಲ್ಲಿ ಲೇಬಲ್ ಸಿಗಬೇಕು. ಈ ಪಟ್ಟಿಗಳಲ್ಲಿ ಕನ್ನಡ ಸೇರಿಲ್ಲ.

ಹಾಗೆಂದು ಬರಿಗೈಯಲ್ಲಿ ಮರಳಬೇಕಿಲ್ಲ. ನಿಮ್ಮ ರಾಜ್ಯದಲ್ಲಿ ಫಾರ್ಮಸಿ ತೆರೆದಿರುವಷ್ಟು ಹೊತ್ತೂ ದುಭಾಷಿಯ ನೆರವು ಸಿಗಬೇಕು. ಅಲ್ಲಿನ ಸಿಬ್ಬಂದಿಯಲ್ಲಿ ಭಾಷೆ ಬಲ್ಲವರು ಇಲ್ಲದಿದ್ದರೆ ಫೋನಿನ ಮೂಲಕವಾದರೂ ಆಗಬೇಕು. ರೋಗಿಗೆ ಮೊದಲ ಸಲ ಕೊಡುವ ಔಷಧಿಯಾದರೆ ಫಾರ್ಮಸಿಸ್ಟ್ ಬಾಯಿಮಾತಿನಲ್ಲೇ ವಿವರಿಸಬೇಕು. ಈ ಎರಡನ್ನೂ ಜೋಡಿಸಿಕೊಳ್ಳಿ. ಅಮ್ಮನ ದಾಖಲೆಯಲ್ಲಿ "ಭಾಷೆ: ಕನ್ನಡ, ದುಭಾಷಿ ಬೇಕು" ಎಂದು ಬರೆಸಿ. "ಇಂಡಿಯನ್ ಲ್ಯಾಂಗ್ವೇಜ್" ಎಂದಷ್ಟೇ ಹೇಳಿದರೆ ಹಿಂದಿಯವರು ಲೈನಿಗೆ ಬರುವ ಸಾಧ್ಯತೆಯೇ ಹೆಚ್ಚು. ಕನ್ನಡದ ದುಭಾಷಿಗಳ ಸಂಖ್ಯೆ ಕಡಿಮೆ, ಕೆಲವೊಮ್ಮೆ ಕಾಯಬೇಕಾಗುತ್ತದೆ. ಆದ್ದರಿಂದ ಔಷಧಿ ಒಯ್ಯಲು ಯಾವಾಗ ಬರುತ್ತೀರೆಂದು ಮೊದಲೇ ಫೋನ್ ಮಾಡಿ ತಿಳಿಸಿ, ಜನಜಂಗುಳಿ ಇಲ್ಲದ ಹೊತ್ತು ನೋಡಿಕೊಂಡು ಅಮ್ಮನನ್ನೂ ಕರೆದುಕೊಂಡು ಹೋಗಿ. ವಿವರಣೆ ಮುಗಿದ ಮೇಲೆ "ಅರ್ಥವಾಯಿತೇ?" ಎಂದು ಕೇಳಿ ಸುಮ್ಮನಾಗಬೇಡಿ. ನಮ್ಮ ಹಿರಿಯರು ಮರ್ಯಾದೆಗಾದರೂ ಹೂಂ ಅನ್ನುತ್ತಾರೆ. ಡಬ್ಬಿಯನ್ನು ಕೈಗೆ ಕೊಟ್ಟು, "ನಾಳೆ ಬೆಳಿಗ್ಗೆ ಇದನ್ನು ಹೇಗೆ ತಗೋತೀರಮ್ಮಾ, ತೋರಿಸಿ" ಎನ್ನಿ. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಓದು ಕಡಿಮೆ ಇರುವ ರೋಗಿಗಳಲ್ಲಿ 71% ಜನ "ಟೇಕ್ ಟೂ ಟ್ಯಾಬ್ಲೆಟ್ಸ್ ಬೈ ಮೌತ್ ಟ್ವೈಸ್ ಡೈಲಿ" ಎಂಬ ಸಾಲನ್ನು ಸರಿಯಾಗಿ ಓದಿ ಹೇಳಿದರು. ದಿನಕ್ಕೆ ಎಷ್ಟು ಮಾತ್ರೆ ಎಂದು ಎಣಿಸಿ ತೋರಿಸಲು ಸಾಧ್ಯವಾದದ್ದು ಸುಮಾರು 35% ಜನರಿಗೆ ಮಾತ್ರ. ಅವರು ಓದಿದ್ದು ಇಂಗ್ಲಿಷನ್ನೇ ಎಂಬುದನ್ನು ನೆನಪಿಡಿ.

ಇನ್ನೊಂದು ಕೆಲಸ ಡಾಕ್ಟರ ಹತ್ತಿರ ಆಗಬೇಕು. ಕ್ಯಾಲಿಫೋರ್ನಿಯಾದಲ್ಲಿ ಔಷಧಿ ಯಾವ ಕಾಯಿಲೆಗೆ ಎಂಬುದು ಲೇಬಲ್ ಮೇಲೆ ಬರಬೇಕಾದರೆ ಡಾಕ್ಟರು ಅದನ್ನು ಪ್ರಿಸ್ಕ್ರಿಪ್ಷನ್‌ನಲ್ಲಿ ನಮೂದಿಸಿರಬೇಕು. ಬಹಳಷ್ಟು ಡಾಕ್ಟರು ನಮೂದಿಸುವುದಿಲ್ಲ, ಕೇಳಿದರೆ ಮಾಡುತ್ತಾರೆ. ಜೊತೆಗೆ "ದಿನಕ್ಕೆ ಎರಡು ಸಲ", "12 ಗಂಟೆಗೊಮ್ಮೆ" ಎಂಬುದರ ಬದಲು "ಬೆಳಿಗ್ಗೆ 1, ಮಲಗುವಾಗ 1" ಎಂದು ಬರೆಯಲು ಹೇಳಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಹೊತ್ತು ಎಂಬ ಈ ನಾಲ್ಕು ಹೊತ್ತಿನ ಕ್ರಮವನ್ನು ಅಮೆರಿಕದ ಔಷಧಿ ಮಾನಕ ಸಂಸ್ಥೆ ಯು.ಎಸ್.ಪಿ. ಕೂಡ ತನ್ನ ಲೇಬಲ್ ಮಾರ್ಗಸೂಚಿಯಲ್ಲಿ ಒಪ್ಪಿದೆ.

ಪ್ರಶ್ನೆ: ಫೋನಿನ ಅನುವಾದದ ಆ್ಯಪ್‌ನಲ್ಲಿ ಲೇಬಲನ್ನು ಕನ್ನಡಕ್ಕೆ ತಿರುಗಿಸಿ, ಮುದ್ರಿಸಿ ಡಬ್ಬಿಗೆ ಅಂಟಿಸಬೇಕೆಂದಿದ್ದೇನೆ. ಸರಿಯೇ?
(ಓದುಗರು, ಡಲ್ಲಾಸ್)

ಚೀಟಿ ಅಂಟಿಸುವುದು ಒಳ್ಳೆಯದೇ. ಆ್ಯಪ್ ಹೇಳಿದ್ದನ್ನು ಹಾಗೇ ಇಳಿಸುವುದು ಅಪಾಯ. ಲೇಬಲ್ ಮೇಲಿರುವುದು ಪೂರ್ತಿ ವಾಕ್ಯವಲ್ಲ, ಸಂಕ್ಷೇಪಗಳ ತುಂಡು. ಆ್ಯಪ್ ತನಗೆ ಸಿಕ್ಕಷ್ಟನ್ನು ಹಿಡಿದು ಉಳಿದದ್ದನ್ನು ಊಹಿಸುತ್ತದೆ. "ಬೇಕೆನಿಸಿದಾಗ ಮಾತ್ರ" ಎಂಬಂಥ ಷರತ್ತು ಬಿಟ್ಟುಹೋದರೂ ಕನ್ನಡ ಸಾಲು ಓದಲು ಚೆನ್ನಾಗಿಯೇ ಇರುತ್ತದೆ, ತಪ್ಪು ಕಣ್ಣಿಗೆ ಬೀಳುವುದಿಲ್ಲ. ನೀವೇ ಬರೆಯಿರಿ. ಬರೆದದ್ದನ್ನು ಮೂಲ ನೋಡದ ಇನ್ನೊಬ್ಬರಿಂದ ಇಂಗ್ಲಿಷಿಗೆ ಹೇಳಿಸಿ, ಲೇಬಲ್ ಜೊತೆ ಹೋಲಿಸಿ. ಅನುಮಾನ ಬಂದರೆ ಫಾರ್ಮಸಿಸ್ಟರನ್ನು ಕೇಳಿ.

ಇಂಗ್ಲಿಷ್ ಲೇಬಲ್ ಮೇಲೆ ಮಾತ್ರ ಅಂಟಿಸಬೇಡಿ. ಆಂಬುಲೆನ್ಸ್‌ನವರು, ಎಮರ್ಜೆನ್ಸಿ ಡಾಕ್ಟರು ನೋಡುವುದು ಅದನ್ನೇ. ಮುಚ್ಚಳಕ್ಕೂ ಬೇಡ: ಒಂದೇ ಅಳತೆಯ ಡಬ್ಬಿಗಳ ಮುಚ್ಚಳಗಳು ಅದಲುಬದಲಾಗುತ್ತವೆ, ಚೀಟಿಯೂ ಜೊತೆಗೆ ಹೋಗುತ್ತದೆ. ಡಬ್ಬಿಯ ಹಿಂಬದಿಯಲ್ಲಿ ಖಾಲಿ ಇರುವ ಕಡೆ ಅಂಟಿಸಿ.

ಥೈರಾಯ್ಡ್‌ನ ಲೆವೊಥೈರಾಕ್ಸಿನ್ ಮಾತ್ರೆಗೆ ಚೀಟಿ ಹೀಗಿರಲಿ:

ಥೈರಾಯ್ಡ್‌ಗೆ
ಬೆಳಿಗ್ಗೆ ಎದ್ದ ಕೂಡಲೇ 1 ಮಾತ್ರೆ, ಬರೀ ನೀರಿನಲ್ಲಿ
ಆಮೇಲೆ 1 ಗಂಟೆ ಕಾಫಿ, ತಿಂಡಿ ಬೇಡ
ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ 4 ಗಂಟೆ ಬಿಟ್ಟು

ಇದಕ್ಕಿಂತ ಉದ್ದ ಬೇಡ. ಅಕ್ಷರ ದಪ್ಪಗಿರಲಿ, ಒತ್ತಕ್ಷರಗಳು ಸಣ್ಣದಾದರೆ ವಯಸ್ಸಾದವರ ಕಣ್ಣಿಗೆ ಮಸುಕಾಗುತ್ತವೆ. ಅಂಕಿಗಳನ್ನು 1, 2 ಎಂದೇ ಬರೆಯಿರಿ, ಆಗ ಕನ್ನಡ ಬಾರದ ನರ್ಸ್ ಕೂಡ ತಾಳೆ ನೋಡಬಹುದು. ಅರ್ಧ ಮಾತ್ರೆಯಾದರೆ "ಅರ್ಧ" ಎಂದು ಅಕ್ಷರದಲ್ಲಿ ಬರೆಯಿರಿ, 1/2 ಎಂದಿದ್ದರೆ "ಒಂದೋ ಎರಡೋ" ಎಂದು ಓದುವವರುಂಟು. "ಬಿಳಿ ಗುಂಡು ಮಾತ್ರೆ" ಎಂದು ಗುರುತು ಹೇಳಬೇಡಿ. ರೀಫಿಲ್‌ನಲ್ಲಿ ತಯಾರಿಕಾ ಕಂಪನಿ ಬದಲಾದರೆ ಬಣ್ಣ, ಆಕಾರ ಎರಡೂ ಬದಲಾಗಬಹುದು. ಕೊನೆಗೆ ಚೀಟಿ ಬರೆದ ದಿನಾಂಕ ಹಾಕಿ. ಡೋಸ್ ಬದಲಾದ ದಿನವೇ ಹಳೆಯದನ್ನು ಕಿತ್ತು ಹೊಸದನ್ನು ಅಂಟಿಸಿ, ಹಳೇ ಡಬ್ಬಿಯನ್ನು ಕಪಾಟಿನಿಂದ ತೆಗೆದುಬಿಡಿ.

ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಬಗ್ಗೆ ವಿಶೇಷವಾಗಿ ಎಚ್ಚರ. ಅದನ್ನು ತೆಗೆದುಕೊಳ್ಳಬೇಕಾದದ್ದು ವಾರಕ್ಕೆ ಒಂದು ದಿನ. ದಿನವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. "ವಾರಕ್ಕೊಮ್ಮೆ" ಎಂಬುದಷ್ಟೇ ಸಾಲದು, "ಭಾನುವಾರ ಮಾತ್ರ" ಎಂದು ವಾರದ ಹೆಸರನ್ನೇ ಬರೆಯಿರಿ.

ಪ್ರಶ್ನೆ: ಆಸ್ಪತ್ರೆಯಲ್ಲಿ ಮಾವನವರಿಗೆ ನಮ್ಮ ಹನ್ನೊಂದು ವರ್ಷದ ಮಗನೇ ಅನುವಾದ ಮಾಡುತ್ತಾನೆ. ಚುರುಕಾಗಿದ್ದಾನೆ. ತೊಂದರೆ ಇದೆಯೇ?
(ಓದುಗರು, ಅಟ್ಲಾಂಟಾ)

ಇದೆ, ದಯವಿಟ್ಟು ನಿಲ್ಲಿಸಿ. ಮನೆಯಲ್ಲಿ ಕನ್ನಡ ಆಡುವ ಮಗುವಿಗೆ "ಮೂತ್ರಪಿಂಡ", "ರಕ್ತ ತೆಳುವಾಗುವುದು" ಎಂಬ ಮಾತುಗಳು ಗೊತ್ತಿರುವುದಿಲ್ಲ, ಗೊತ್ತಿಲ್ಲವೆಂದು ಹೇಳಲು ನಾಚಿಕೆ. ತಾತನವರೂ ಮಲಬದ್ಧತೆಯನ್ನೋ ಮೂತ್ರದ ತೊಂದರೆಯನ್ನೋ ಮೊಮ್ಮಗನ ಮುಂದೆ ಹೇಳಲಾರರು. 2010ರ ಅಫೋರ್ಡಬಲ್ ಕೇರ್ ಕಾಯ್ದೆಯ 1557ನೇ ಸೆಕ್ಷನ್ ಅಡಿಯ ನಿಯಮದಂತೆ, ಫೆಡರಲ್ ಹಣ ಪಡೆಯುವ ಆಸ್ಪತ್ರೆ, ಫಾರ್ಮಸಿಗಳು ತುರ್ತು ಸಂದರ್ಭ ಬಿಟ್ಟು ಮಕ್ಕಳನ್ನು ದುಭಾಷಿಯಾಗಿ ಬಳಸುವಂತಿಲ್ಲ. ದುಭಾಷಿಗೆ ರೋಗಿಯಿಂದ ಹಣ ಕೇಳುವಂತೆಯೂ ಇಲ್ಲ.

ಪ್ರಶ್ನೆ: ಅತ್ತೆಯವರು ಊರಿನಿಂದ ಡೋಲೋ 650 ತಂದಿದ್ದಾರೆ. ಇಲ್ಲಿನ ಡಾಕ್ಟರು ಮೊಣಕಾಲು ನೋವಿಗೆ ಅಸಿಟಮಿನೊಫೆನ್ ಬರೆದಿದ್ದಾರೆ. ಎರಡನ್ನೂ ಕೊಡಬಹುದೇ?
(ಓದುಗರು, ಚಿಕಾಗೊ)

ಬೇಡ. ಎರಡೂ ಒಂದೇ ಔಷಧಿ: ನಮ್ಮಲ್ಲಿ ಪ್ಯಾರಾಸಿಟಮಾಲ್ ಎನ್ನುವುದನ್ನು ಅಮೆರಿಕದಲ್ಲಿ ಅಸಿಟಮಿನೊಫೆನ್ ಎನ್ನುತ್ತಾರೆ, ಟೈಲೆನಾಲ್ ಅದರ ಬ್ರ್ಯಾಂಡ್. ಆರೋಗ್ಯವಂತ ವಯಸ್ಕರಿಗೂ ದಿನದ ಗರಿಷ್ಠ ಮಿತಿ 4,000 ಮಿಲಿಗ್ರಾಂ. ಮೀರಿದರೆ ಯಕೃತ್ತಿಗೆ ಪೆಟ್ಟು. ಡೇಕ್ವಿಲ್, ನೈಕ್ವಿಲ್‌ನಂಥ ನೆಗಡಿ ಔಷಧಿಗಳಲ್ಲೂ ಇದು ಅಡಗಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೀಗೆ ಹೆಸರು ಬದಲಾದವು ಇನ್ನೂ ಇವೆ. ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್, ಶುಗರ್‌ನ ಗ್ಲಿಬೆನ್‌ಕ್ಲಮೈಡ್ ಅಲ್ಲಿ ಗ್ಲೈಬುರೈಡ್. ಕೊನೆಯದನ್ನು ಎರಡು ಹೆಸರಿನಲ್ಲಿ ಎರಡು ಸಲ ನುಂಗಿದರೆ ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಇಳಿಯುತ್ತದೆ. ಊರಿಂದ ತಂದ ಎಲ್ಲ ಮಾತ್ರೆಗಳ ಪಟ್ಟಿಯನ್ನು ಬ್ರ್ಯಾಂಡ್ ಅಲ್ಲದೆ ಒಳಗಿನ ಔಷಧಿಯ ಹೆಸರಿನಲ್ಲಿ ಬರೆದು ಫಾರ್ಮಸಿಸ್ಟರಿಗೆ ತೋರಿಸಿ.

ದಿನಾಂಕದಲ್ಲೂ ಮೋಸ ಹೋಗಬಹುದು. ಅಮೆರಿಕದ ಲೇಬಲ್ ಮೇಲೆ 04/07/2026 ಎಂದಿದ್ದರೆ ಏಪ್ರಿಲ್ 7, ಜುಲೈ 4 ಅಲ್ಲ. ಚೀಟಿಯಲ್ಲಿ ತಿಂಗಳ ಹೆಸರು ಬರೆಯಿರಿ. ಹೆಚ್ಚು ನುಂಗಿಬಿಟ್ಟರೆಂಬ ಅನುಮಾನ ಬಂದರೆ ವಿಷಬಾಧೆಯ ಸಹಾಯವಾಣಿ ಪಾಯ್ಸನ್ ಕಂಟ್ರೋಲ್‌ನ 1-800-222-1222ಕ್ಕೆ ಕರೆ ಮಾಡಿ, ಅಲ್ಲಿ ದುಭಾಷಿ ಸೌಲಭ್ಯ ಉಂಟು. ಪ್ರಜ್ಞೆ ತಪ್ಪಿದ್ದರೆ ನೇರ 911.

ಪ್ರಶ್ನೆ: ನಾನು ಫಾರ್ಮಸಿಸ್ಟ್. ನಮ್ಮಲ್ಲಿ ಕನ್ನಡದ ಹಿರಿಯರು ಬಹಳ ಬರುತ್ತಾರೆ. ಲೇಬಲನ್ನೇ ಕನ್ನಡದಲ್ಲಿ ಮುದ್ರಿಸಲು ಏನು ಮಾಡಬೇಕು?
(ಓದುಗರು, ಆಸ್ಟಿನ್)

ಮೊದಲು ಪ್ರಿಂಟರ್ ನೋಡಿ. ಲೇಬಲ್ ಸಾಫ್ಟ್‌ವೇರ್ ಕನ್ನಡ ಯೂನಿಕೋಡನ್ನು ಸರಿಯಾಗಿ ಜೋಡಿಸದಿದ್ದರೆ ಚೌಕಗಳು ಬರುತ್ತವೆ, ಇಲ್ಲವೇ ಒತ್ತಕ್ಷರ ಬಿಡಿಬಿಡಿಯಾಗಿ "ಮಾತ್ರೆ" ಎಂಬುದು "ಮಾತ್‌ರೆ" ಆಗುತ್ತದೆ. ಆಗ ಸಿದ್ಧ ಸಾಲುಗಳನ್ನು ಚಿತ್ರವಾಗಿ ಉಳಿಸಿಕೊಂಡು ಪ್ರತ್ಯೇಕ ಚೀಟಿಯಲ್ಲಿ ಮುದ್ರಿಸುವುದೇ ವಾಸಿ. ನೂರಾರು ಸಾಲು ಬೇಕಿಲ್ಲ. ನಾಲ್ಕು ಹೊತ್ತು, 1, 2, ಅರ್ಧ, ಊಟದ ಜೊತೆ, ಖಾಲಿ ಹೊಟ್ಟೆ, ನೋವಿದ್ದಾಗ ಮಾತ್ರ, ಇಷ್ಟರ ಜೋಡಣೆಯಲ್ಲಿ ದಿನನಿತ್ಯದ ಬಹುಪಾಲು ಪ್ರಿಸ್ಕ್ರಿಪ್ಷನ್‌ಗಳು ಮುಗಿಯುತ್ತವೆ. ಒಬ್ಬರು ಅನುವಾದಿಸಲಿ, ಇನ್ನೊಬ್ಬರು ಮರಳಿ ಇಂಗ್ಲಿಷಿಗೆ ತರಲಿ, ನಿಮ್ಮಲ್ಲಿಗೆ ಬರುವ ಇಬ್ಬರು ಮೂವರು ಹಿರಿಯರ ಕೈಗೆ ಕೊಟ್ಟು ಮಾತ್ರೆ ಎಣಿಸಿಸಿ. ಇಂಗ್ಲಿಷ್ ಸಾಲು ಪಕ್ಕದಲ್ಲೇ ಉಳಿಯಲಿ. ದ್ರವ ಔಷಧಿಗೆ "ಚಮಚ" ಬರೆಯಲೇಬೇಡಿ: ಟೀ ಚಮಚ 5 ಮಿ.ಲೀ., ಟೇಬಲ್ ಚಮಚ 15, ಅಡುಗೆಮನೆಯ ಚಮಚ ಎಷ್ಟೆಂದು ಹೇಳಲಾಗದು. ಮಿ.ಲೀ. ಮಾತ್ರ ನಮೂದಿಸಿ, ಬಾಯಿಗೆ ಹಾಕುವ ಸಿರಿಂಜ್ ಕೊಟ್ಟು, ತುಂಬಬೇಕಾದ ಗೆರೆಗೆ ನೀವೇ ಮಾರ್ಕರ್‌ನಲ್ಲಿ ಗುರುತು ಹಾಕಿ.