ಎದೆನೋವಿಗೆ ಫೈರ್ ಇಂಜಿನ್ ಯಾಕೆ ಬಂತು?

ಬಳ್ಳಾರಿ ಗಾಂಧಿನಗರದ ನಿವೃತ್ತ ಶಿಕ್ಷಕಿಯೊಬ್ಬರ ಪತ್ರ: ‘ಮಗಳನ್ನು ನೋಡಲು ಅಮೆರಿಕದ ಸಿಯಾಟಲ್‌ಗೆ ಹೋಗಿದ್ದೆವು. ಒಂದು ರಾತ್ರಿ ಯಜಮಾನರಿಗೆ ಎದೆನೋವು ಬಂತು. ಮಗಳು ಆಂಬುಲೆನ್ಸ್ ಬೇಕೆಂದು ಫೋನ್ ಮಾಡಿದರೆ ಮೊದಲು ಬಂದದ್ದು ಫೈರ್ ಇಂಜಿನ್. ಒಬ್ಬ ಮೊಣಕಾಲೂರಿ ಕೂತು ನಾಡಿ ಹಿಡಿದ. ಇನ್ನೊಬ್ಬ ನನ್ನ ಕೈಲಿದ್ದ ಮಾತ್ರೆ ಡಬ್ಬಿ ಇಸ್ಕೊಂಡು ಹೆಸರು ಬರೆದುಕೊಂಡ. ಬೆಂಕಿ ಆರಿಸುವವರಿಗೆ ಇಲ್ಲೇನು ಕೆಲಸ? ನಮ್ಮೂರಲ್ಲೂ ಹೀಗೆ ಮಾಡಬಹುದಾ?’

ಮೇಡಂ, ಯಜಮಾನರು ಈಗ ಆರಾಮಾಗಿದ್ದಾರೆ ಎಂದು ಕೊನೆಯಲ್ಲಿ ಬರೆದಿದ್ದೀರಿ. ಓದಿ ಸಮಾಧಾನವಾಯಿತು.

ಆ ಕೆಂಪು ಗಾಡಿ ದಾರಿ ತಪ್ಪಿ ಬಂದದ್ದಲ್ಲ. ಆ ಊರಿನ ಪದ್ಧತಿಯೇ ಅದು. 1966ರಲ್ಲಿ ಬೆಲ್‌ಫಾಸ್ಟ್‌ನ ಡಾಕ್ಟರ್ ಫ್ರಾಂಕ್ ಪ್ಯಾಂಟ್ರಿಜ್, ಹೃದಯಕ್ಕೆ ಶಾಕ್ ಕೊಡುವ ಯಂತ್ರವನ್ನು ಆಂಬುಲೆನ್ಸಿಗೆ ಹಾಕಿಸಿ ರೋಗಿ ಇದ್ದಲ್ಲಿಗೇ ಕಳಿಸಿದರು. ಜೊತೆಗೆ ಡಾಕ್ಟರೂ ಹೋಗಬೇಕಿತ್ತು. ಇದನ್ನು ತಿಳಿದ ಸಿಯಾಟಲ್‌ನ ಹೃದಯತಜ್ಞ ಲೆನಾರ್ಡ್ ಕಾಬ್, ಅಲ್ಲಿನ ಅಗ್ನಿಶಾಮಕ ಮುಖ್ಯಸ್ಥ ಗಾರ್ಡನ್ ವಿಕರಿ ಜೊತೆ ಸೇರಿ ಬೇರೆ ದಾರಿ ಹುಡುಕಿದರು. ಬೆಂಕಿ ಆರಿಸುವವರಿಗೇ ಡಾಕ್ಟರುಗಳು ತಿಂಗಳುಗಟ್ಟಲೆ ಪಾಠ ಮಾಡಿ ಪ್ಯಾರಾಮೆಡಿಕ್, ಅಂದ್ರೆ ಸ್ಥಳದಲ್ಲೇ ತುರ್ತು ಚಿಕಿತ್ಸೆ ಕೊಡುವವರನ್ನಾಗಿ ಮಾಡಿದರು. 1970ರಲ್ಲಿ ‘ಮೆಡಿಕ್ ಒನ್’ ಹೆಸರಿನ ಅವರ ಗಾಡಿ ರಸ್ತೆಗಿಳಿಯಿತು.

ಅವರೇ ಯಾಕೆ ಅಂದ್ರೆ, ಫೈರ್ ಸ್ಟೇಷನ್‌ಗಳು ಆಗಲೇ ಬಡಾವಣೆ ಬಡಾವಣೆಯಲ್ಲಿ ಇದ್ದವು. ಹಗಲೂ ರಾತ್ರಿ ಜನ ಇರುತ್ತಿದ್ದರು. ಕರೆ ಬಂದ ಕೂಡಲೇ ಹೊರಡುವುದು ಅವರಿಗೆ ರೂಢಿ. ಹೃದಯ ನಿಂತರೆ ನಾಲ್ಕೈದು ನಿಮಿಷದಲ್ಲೇ ಮಿದುಳು ಕೆಡಲು ಶುರುವಾಗುತ್ತದೆ. ಅಷ್ಟರೊಳಗೆ ಯಾರು ಬಾಗಿಲಿಗೆ ಬರಬಲ್ಲರು ಅನ್ನುವುದೇ ಲೆಕ್ಕ. ನಮ್ಮ ಸುಧಾ ಕ್ರಾಸ್ ರೈಲ್ವೆ ಗೇಟಿನಲ್ಲಿ ಕಾದವರಿಗೆ ಒಂದೊಂದು ನಿಮಿಷದ ಬೆಲೆ ನಾನು ಹೇಳಬೇಕಿಲ್ಲ.

ಈಗಲೂ ಅಲ್ಲಿ ಹತ್ತಿರದ ಇಂಜಿನ್ ಮೊದಲು ಓಡುತ್ತದೆ. ಪ್ರಥಮ ಚಿಕಿತ್ಸೆ, ಶಾಕ್ ಕೊಡುವುದು ಅದರಲ್ಲಿರುವವರಿಗೆ ಗೊತ್ತು. ಜೀವಕ್ಕೆ ಅಪಾಯವಿದ್ದರೆ ಇಬ್ಬರು ಪ್ಯಾರಾಮೆಡಿಕ್‌ಗಳ ಗಾಡಿಯೂ ಬರುತ್ತದೆ. ಅಷ್ಟು ಗಂಭೀರ ಇಲ್ಲದಿದ್ದರೆ ಖಾಸಗಿ ಆಂಬುಲೆನ್ಸ್ ಕರೆಸುತ್ತಾರೆ. ಆ ಇಲಾಖೆಗೆ ಬರುವ ಬಹುಪಾಲು ಕರೆಗಳು ಬೆಂಕಿಯವಲ್ಲ, ಕಾಯಿಲೆ, ಗಾಯದವು! ಜಪಾನಿನಲ್ಲೂ ಬೆಂಕಿಗೂ ಆಂಬುಲೆನ್ಸಿಗೂ 119 ಒಂದೇ ನಂಬರ್. ನ್ಯೂಯಾರ್ಕ್ 1996ರಲ್ಲಿ ನಗರದ ಆಂಬುಲೆನ್ಸ್ ಸೇವೆಯನ್ನು ಅಗ್ನಿಶಾಮಕ ಇಲಾಖೆಗೆ ಸೇರಿಸಿತು.

ನಮ್ಮಲ್ಲಿ 108 ಆರೋಗ್ಯ ಇಲಾಖೆಯದು. 2008ರ ನವೆಂಬರ್ 1ರಿಂದ ಇದೆ, ದುಡ್ಡು ಕೇಳುವುದಿಲ್ಲ. ಅಗ್ನಿಶಾಮಕ ಇಲಾಖೆ ಗೃಹ ಇಲಾಖೆಯ ಕೆಳಗೆ. 108 ಅನ್ನು ಅವರಿಗೆ ವಹಿಸಿ ಎಂದು ನಾನು ಹೇಳುವುದಿಲ್ಲ. ಬಳ್ಳಾರಿಯ ಬೇಸಿಗೆ ನಿಮಗೆ ಗೊತ್ತಲ್ವಾ? ಹುಲ್ಲಿನ ಬಣವೆ, ಹತ್ತಿ ಗೋದಾಮು ಅಂತ ಅವರಿಗೆ ಬಿಡುವೇ ಇರುವುದಿಲ್ಲ. ಜನ, ಗಾಡಿ ಕೊಡದೆ ಸುಮ್ನೆ ಕೆಲಸ ಹೇರಿದರೆ ಎರಡೂ ಕೆಡುತ್ತವೆ. ಆದರೆ ಒಂದು ಕೆಲಸ ಖಂಡಿತ ಆಗಬೇಕು. ಒಂದೊಂದು ಠಾಣೆಗೂ ಒಂದು ಶಾಕ್ ಯಂತ್ರ ಕೊಟ್ಟು, ಸಿಬ್ಬಂದಿಗೆ ಒಳ್ಳೆಯ ತರಬೇತಿ ಕೊಡಬೇಕು. ಹತ್ತಿರದಲ್ಲಿ ಯಾರಾದರೂ ಕುಸಿದು ಬಿದ್ದರೆ ಅವರೂ ಹೊರಡಲಿ. 108 ಬರುವವರೆಗೆ ಎದೆ ಒತ್ತುತ್ತಿರಲಿ.

ಸಿಯಾಟಲ್‌ನವರು 1970ರ ದಶಕದಲ್ಲೇ ಸಾಮಾನ್ಯ ಜನರಿಗೂ ಇದನ್ನು ಕಲಿಸಿದರು. ಉಸಿರು ನಿಂತವರ ಎದೆಯ ನಡುವೆ ಅಂಗೈ ಮೇಲೆ ಅಂಗೈ ಇಟ್ಟು, 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಒಂದೆರಡು ನಿಮಿಷಕ್ಕೇ ತೋಳು ಸೋಲುತ್ತದೆ. ಪಕ್ಕದ ಮನೆಯವರಿಗೂ ಗೊತ್ತಿರಬೇಕು ಅನ್ನುವುದು ಅದಕ್ಕೇ. ನೀವು ಓಣಿಯವರನ್ನು ಕೂಡಿಸಿ, ತಿಳಿದ ಡಾಕ್ಟರೊಬ್ಬರನ್ನು ನಾನು ಕರೆದುಕೊಂಡು ಬರುತ್ತೇನೆ. ಮಾತ್ರೆ ಡಬ್ಬಿ ಮಾತ್ರ ಇವತ್ತೇ ಎಲ್ಲರ ಕೈಗೆ ಸಿಗುವ ಕಡೆ ಇಡಿ. ಯಾವುದು ಎಷ್ಟು ಹೊತ್ತಿಗೆ ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ.

— ಸಂ.